ಷೇರುಪೇಟೆ ಕಂಪ್ಯೂಟರ್ ಪರದೆಗೆ ಬಂದ ಮೇಲೆ ಸಣ್ಣ ಹೂಡಿಕೆದಾರನಿಗೆ ದಕ್ಕಿದ್ದೇನು?

ತುಮಕೂರಿನ ಮೇಷ್ಟ್ರು

ಪದವಿ ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುವ ನನಗೆ ಪ್ರತಿ ವರ್ಷ ಈ ಒಂದು ಪಾಠದಲ್ಲಿ ಸಮಾಧಾನ ಸಿಗುವುದಿಲ್ಲ. 1994ರ ನವೆಂಬರ್ 3ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ಕಂಪ್ಯೂಟರ್ ಪರದೆಯ ಮೇಲೆ ಷೇರು ವಹಿವಾಟು ಆರಂಭಿಸಿತು. ಮುಂಬೈ ಷೇರುಪೇಟೆಯೂ ‘ರಿಂಗ್’ ಎಂಬ, ಬ್ರೋಕರ್‌ಗಳು ಸೇರಿ ದರ ಕೂಗುತ್ತಿದ್ದ ಅಂಗಳದ ಕೂಗಾಟ ಬಿಟ್ಟು 1995ರ ಮಾರ್ಚ್‌ನಲ್ಲಿ ‘ಬೋಲ್ಟ್’ ಎಂಬ ಗಣಕ ವ್ಯವಸ್ಥೆಗೆ ಕಾಲಿಟ್ಟಿತು. ಇದರಿಂದ ಪಾರದರ್ಶಕತೆ ಹೆಚ್ಚಿತು, ಖರ್ಚು ಇಳಿಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ವಿದ್ಯಾರ್ಥಿಗಳು ಅದನ್ನೇ ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ.

ಈ ಸಲ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ಎಫ್‌ಅಂಡ್‌ಒದಲ್ಲಿ ಹತ್ತರಲ್ಲಿ ಒಂಬತ್ತು ಜನ ದುಡ್ಡು ಕಳೆದುಕೊಳ್ಳುತ್ತಾರೆ ಅಂತ ಸೆಬಿಯೇ ಹೇಳುತ್ತಿದೆಯಲ್ಲ, ಹಾಗಾದರೆ ಅನುಕೂಲ ಆದದ್ದು ಯಾರಿಗೆ?” ಎಂದು ಕೇಳಿದಳು. ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಸೆಬಿಯ ವರದಿ ಎಫ್‌ಅಂಡ್‌ಒಗೆ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ, ಷೇರುಗಳ ಮುಂದಿನ ದರದ ಮೇಲಿನ ಒಪ್ಪಂದಗಳ ವಹಿವಾಟಿಗೆ ಸಂಬಂಧಿಸಿದ್ದು, ಎಲ್ಲ ಹೂಡಿಕೆಗೂ ಅಲ್ಲ ಎಂದು ವಿವರಿಸಿದೆನಾದರೂ, ಅವಳ ಪ್ರಶ್ನೆಯ ತಿರುಳು ಅಲ್ಲಿಗೆ ಮುಗಿಯುವುದಿಲ್ಲ ಎಂದೇ ನನ್ನ ಭಾವನೆ. ರಿಂಗ್ ಇದ್ದ ಕಾಲದಲ್ಲಿ ಒಳಗಿನವರಿಗೆ ಇದ್ದ ಮೇಲುಗೈ ನಿಜವಾಗಿಯೂ ಹೋಯಿತೇ, ಅಥವಾ ಅದು ಕೇವಲ ಜಾಗ ಬದಲಿಸಿತೇ? ಹಳೆಯ ವ್ಯವಸ್ಥೆಯನ್ನು ಕಣ್ಣಾರೆ ಕಂಡವರು ಮತ್ತು ಇಂದಿನ ವ್ಯವಸ್ಥೆಯ ಒಳಗೆ ಕೆಲಸ ಮಾಡುವವರು ಇಬ್ಬರೂ ದಯವಿಟ್ಟು ಬರೆಯಿರಿ.

ದಾವಣಗೆರೆ ಹಳಬ

ಮೇಷ್ಟ್ರೇ, ನಾನು ಎಂಬತ್ತರ ದಶಕದ ಕೊನೆಯಿಂದ ಸಬ್‌ಬ್ರೋಕರ್ ಆಗಿದ್ದವನು. ಹಳೆಯ ವ್ಯವಸ್ಥೆಯಲ್ಲಿ ಒಂದು ಆರ್ಡರ್ ಹೇಗೆ ಸಾಗುತ್ತಿತ್ತೆಂದು ಹೇಳಿದರೆ ನಿಮ್ಮ ವಿದ್ಯಾರ್ಥಿನಿಗೆ ಅರ್ಧ ಉತ್ತರ ಸಿಗುತ್ತದೆ.

ನಮ್ಮೂರಿನ ಅಕ್ಕಿ ಗಿರಣಿ ಮಾಲೀಕರೊಬ್ಬರು ನೂರು ಷೇರು ಬೇಕೆಂದು ಬಂದರೆ, ನಾನು ಬೆಂಗಳೂರಿನ ಬ್ರೋಕರ್ ಕಚೇರಿಗೆ ಎಸ್‌ಟಿಡಿ ಮಾಡಬೇಕಿತ್ತು. ಲೈನ್ ಸಿಗುವುದೇ ದೊಡ್ಡ ಕೆಲಸ. ಆ ಷೇರು ಬೆಂಗಳೂರಿನಲ್ಲಿ ಹೆಚ್ಚು ಓಡಾಡದಿದ್ದರೆ ಅವರು ಮುಂಬೈನ ಇನ್ನೊಬ್ಬ ಬ್ರೋಕರ್‌ಗೆ ಹೇಳುತ್ತಿದ್ದರು. ಅವರ ಗುಮಾಸ್ತ ದಲಾಲ್ ಸ್ಟ್ರೀಟ್‌ನ ರಿಂಗ್‌ಗೆ ಇಳಿದು, ಜಾಬರ್ ಎಂಬ ರಿಂಗ್‌ನ ವ್ಯಾಪಾರಿಯ ಬಳಿ ಕೊಳ್ಳುವ ದರ, ಮಾರುವ ದರ ಎರಡನ್ನೂ ಕೇಳಿ, ವ್ಯವಹಾರ ಕುದುರಿದರೆ ಕೈಯಲ್ಲಿದ್ದ ಸೌದಾ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಸಂಜೆ ಎರಡೂ ಕಡೆಯ ಪುಸ್ತಕಗಳನ್ನು ತಾಳೆ ನೋಡುವವರೆಗೆ ಆ ವ್ಯವಹಾರಕ್ಕೆ ಬೇರೆ ದಾಖಲೆಯೇ ಇರುತ್ತಿರಲಿಲ್ಲ.

ಗಿರಾಕಿಗೆ ಬರುವ ಕಾಂಟ್ರ್ಯಾಕ್ಟ್ ನೋಟ್ ಎಂಬ ವಹಿವಾಟಿನ ಚೀಟಿಯಲ್ಲಿ ದರ ಇರುತ್ತಿತ್ತೇ ಹೊರತು ವಹಿವಾಟು ನಡೆದ ಸಮಯ ಇರುತ್ತಿರಲಿಲ್ಲ. ಬೆಳಿಗ್ಗೆ 140 ರೂಪಾಯಿಗೆ ಕೊಂಡ ಷೇರನ್ನು ಆ ದಿನದ ಗರಿಷ್ಠ ದರವಾದ 148ಕ್ಕೆ ಬರೆದರೂ, ಮಾರನೆಯ ದಿನ ಪತ್ರಿಕೆ ತೆರೆದು ನೋಡುವವರಿಗೆ ಅದು ಅಂದಿನ ಕನಿಷ್ಠ ಗರಿಷ್ಠಗಳ ನಡುವೆಯೇ ಕಾಣುತ್ತಿತ್ತು. ನಡುವಿನ ಎಂಟು ರೂಪಾಯಿ ದಾರಿಯಲ್ಲಿ ಎಲ್ಲಿ ಉಳಿಯಿತೆಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಮುಂಬೈನವರು ಇದಕ್ಕೆ ‘ಗಾಲಾ’ ಎನ್ನುತ್ತಿದ್ದರು. ದಲ್ಲಾಳಿ ಶುಲ್ಕಕ್ಕೆ ಶೇ 2.5ರ ಮಿತಿ ಇತ್ತು, ಗಾಲಾಕ್ಕೆ ಯಾವ ಮಿತಿಯೂ ಇರಲಿಲ್ಲ. ಪರದೆ ಬಂದ ಮೇಲೆ ನೋಟ್‌ನಲ್ಲಿ ಆರ್ಡರ್ ಸಂಖ್ಯೆ, ವಹಿವಾಟಿನ ಸಂಖ್ಯೆ, ಗಂಟೆ, ನಿಮಿಷ ಎಲ್ಲವೂ ಮುದ್ರಣವಾಗತೊಡಗಿದವು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ.

ನಿವೃತ್ತ, ಮೈಸೂರು

ದಾವಣಗೆರೆಯವರ ಮಾತು ನಿಜ, ಆದರೆ ದೊಡ್ಡ ಬದಲಾವಣೆ ಯಾವುದೆಂಬ ಬಗ್ಗೆ ನನ್ನ ಅಭಿಪ್ರಾಯ ಬೇರೆ. ದರ ಸರಿಯಾಗಿ ಸಿಕ್ಕರೂ ಷೇರು ಕೈಗೆ ಬರಬೇಕಲ್ಲ? ಪರದೆಯ ಮೇಲೆ ಕ್ಷಣಾರ್ಧದಲ್ಲಿ ಕೊಂಡ ಷೇರಿನ ಕಾಗದ ಕೊರಿಯರ್‌ನಲ್ಲಿ ಬರುತ್ತಿತ್ತು. ಅದರ ಜೊತೆ ಟ್ರಾನ್ಸ್‌ಫರ್ ಡೀಡ್. ಮಾರಿದವನ ಸಹಿ, ಸಾಕ್ಷಿಯ ಸಹಿ, ಫೋಲಿಯೊ ಸಂಖ್ಯೆ, ಷೇರುಗಳ ಕ್ರಮಸಂಖ್ಯೆ ಇಂತಿಂಥದ್ದರಿಂದ ಇಂತಿಂಥದ್ದರವರೆಗೆ, ಹಿಂಬದಿಯಲ್ಲಿ ದರಕ್ಕೆ ತಕ್ಕಂತೆ ಶೇ 0.5ರ ಲೆಕ್ಕದಲ್ಲಿ ಷೇರು ವರ್ಗಾವಣೆ ಸ್ಟಾಂಪುಗಳು. ಅದನ್ನೆಲ್ಲ ತುಂಬಿ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ತಿಂಗಳುಗಟ್ಟಲೆ ಕಾದ ಮೇಲೆ, “ವರ್ಗಾಯಿಸಿದವರ ಸಹಿ ನಮ್ಮ ದಾಖಲೆಯೊಂದಿಗೆ ತಾಳೆಯಾಗುತ್ತಿಲ್ಲ” ಎಂಬ ಷರಾದೊಂದಿಗೆ ಲಕೋಟೆ ವಾಪಸು ಬರುತ್ತಿತ್ತು. ನನ್ನ ತಂದೆಯವರು ಕೊಂಡ ಒಂದು ಸಿಮೆಂಟ್ ಕಂಪನಿಯ ಷೇರುಗಳಿಗೆ ಹೀಗಾದಾಗ, ಮಾರಿದವರು ಯಾರೋ ಕೋಲ್ಕತ್ತದವರು, ಅವರನ್ನು ಹುಡುಕಿಸಿ ಹೊಸ ಸಹಿ ಹಾಕಿಸುವಷ್ಟರಲ್ಲಿ ಬೋನಸ್ ಷೇರು ಹಳೆಯ ಹೆಸರಿಗೇ ಹೋಗಿಬಿಟ್ಟಿತ್ತು.

1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂದು, ಅದೇ ವರ್ಷದ ನವೆಂಬರ್‌ನಲ್ಲಿ ಷೇರುಗಳನ್ನು ಕಾಗದದ ಬದಲು ಗಣಕದ ಖಾತೆಯಲ್ಲಿಡುವ (ಡಿಮ್ಯಾಟ್) ಎನ್‌ಎಸ್‌ಡಿಎಲ್ ಸಂಸ್ಥೆ ಆರಂಭವಾದ ಮೇಲೆ ಈ ‘ಬ್ಯಾಡ್ ಡೆಲಿವರಿ’ ಎಂಬ ಪಿಡುಗು ತೊಲಗಿತು. ಆದ್ದರಿಂದ ಶ್ರೇಯಸ್ಸು ಡಿಮ್ಯಾಟ್‌ಗೆ ಸಲ್ಲಬೇಕೇ ಹೊರತು ಪರದೆಗಲ್ಲ.

ಮಲ್ಲೇಶ್ವರದ ಓದುಗಿ

ಪೂರ್ತಿ ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ನಕಲಿ ಷೇರು ಪತ್ರ ಕೈಗೆ ಬಂದು, ದುಡ್ಡೂ ಹೋಗಿ, ಪೊಲೀಸ್ ಠಾಣೆಗೂ ಅಲೆದದ್ದು ನೆನಪಿದೆ.

ಲೆಕ್ಕಪರಿಶೋಧಕ

ಮೈಸೂರಿನ ಹಿರಿಯರ ಮಾತಿಗೆ ನನ್ನ ಆಕ್ಷೇಪವಿದೆ. ಪರದೆಯನ್ನೂ ಡಿಮ್ಯಾಟನ್ನೂ ಎರಡು ಪ್ರತ್ಯೇಕ ಘಟನೆಗಳೆಂದು ನೋಡಿದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ಮರೆಯಾಗುತ್ತದೆ.

ರಿಂಗ್‌ನಲ್ಲಿ ಒಬ್ಬ ಬ್ರೋಕರ್ ಇನ್ನೊಬ್ಬನ ಮುಖ ನೋಡಿ ವ್ಯಾಪಾರ ಮಾಡುತ್ತಿದ್ದ. ಯಾರು ನಂಬಿಕಸ್ಥ, ಹಣ, ಷೇರು ಒಪ್ಪಿಸಬೇಕಾದ ಇತ್ಯರ್ಥದ ದಿನ ಯಾರು ಕೈಕೊಡುತ್ತಾನೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಎನ್‌ಎಸ್‌ಇಯ ಪರದೆಯಲ್ಲಿ ಎದುರಿನವನು ಯಾರೆಂದೇ ತಿಳಿಯುವುದಿಲ್ಲ. ಉತ್ತಮ ದರಕ್ಕೆ ಮೊದಲ ಆದ್ಯತೆ, ಒಂದೇ ದರವಿದ್ದರೆ ಮೊದಲು ಬಂದ ಆರ್ಡರ್‌ಗೆ ಆದ್ಯತೆ, ಅಷ್ಟೇ. ಹೀಗೆ ಹೆಸರಿಲ್ಲದೆ ಜೋಡಣೆಯಾಗುವ ವ್ಯವಸ್ಥೆಯಲ್ಲಿ ಕಾಸರಗೋಡಿನ ಬ್ರೋಕರ್ ಕಾನ್ಪುರದ ಅಪರಿಚಿತನನ್ನು ನಂಬುವುದು ಹೇಗೆ? ನಡುವೆ ಯಾರಾದರೂ ನಿಂತು, ಕೊಳ್ಳುವವನಿಗೆ ತಾನೇ ಮಾರಾಟಗಾರ, ಮಾರುವವನಿಗೆ ತಾನೇ ಖರೀದಿದಾರ ಎಂದು ಭರವಸೆ ಕೊಡಲೇಬೇಕಾಯಿತು. ಅದಕ್ಕಾಗಿಯೇ ಎನ್‌ಎಸ್‌ಇ ತನ್ನ ಕ್ಲಿಯರಿಂಗ್ ಕಾರ್ಪೊರೇಷನ್ ಸ್ಥಾಪಿಸಿತು, ಅದು 1996ರ ಏಪ್ರಿಲ್‌ನಿಂದ ಕೆಲಸ ಆರಂಭಿಸಿತು. ಹಾಗೆ ಭರವಸೆ ಕೊಟ್ಟ ಸಂಸ್ಥೆಗೆ ಸಹಿ ತಾಳೆಯಾಗದ ಕಾಗದ ದೊಡ್ಡ ಹೊರೆಯಾದ್ದರಿಂದ ಡಿಮ್ಯಾಟ್‌ಗೆ ಒತ್ತಡ ಬಂತು. ಪರದೆ ಬಾರದಿದ್ದರೆ ಉಳಿದ ಎರಡೂ ಇನ್ನೆಷ್ಟು ವರ್ಷ ತಡವಾಗುತ್ತಿದ್ದವೋ.

ಇನ್ನೊಂದು ವಿಷಯವನ್ನು ಪಠ್ಯಪುಸ್ತಕಗಳು ಹೇಳುವುದೇ ಇಲ್ಲ. ಅಂದಿನ ಮುಂಬೈ ಷೇರುಪೇಟೆ ಬ್ರೋಕರ್‌ಗಳೇ ಸದಸ್ಯರಾಗಿ ನಡೆಸುತ್ತಿದ್ದ ಸಂಘವಾಗಿತ್ತು. ತಮ್ಮ ಗಳಿಕೆಗೆ ಕತ್ತರಿ ಹಾಕುವ ಯಂತ್ರವನ್ನು ಅವರು ತಾವಾಗಿಯೇ ತರುವಂತಿರಲಿಲ್ಲ. ಎನ್‌ಎಸ್‌ಇಯನ್ನು ಐಡಿಬಿಐ ಮೊದಲಾದ ಹಣಕಾಸು ಸಂಸ್ಥೆಗಳು ಹುಟ್ಟುಹಾಕಿದವು, ಮೊದಲ ವ್ಯವಸ್ಥಾಪಕ ನಿರ್ದೇಶಕರಾದ ಆರ್.ಎಚ್. ಪಾಟೀಲರು ಮಾಲೀಕತ್ವವನ್ನೂ ವಹಿವಾಟಿನ ಹಕ್ಕನ್ನೂ ಬೇರೆ ಬೇರೆಯಾಗಿಯೇ ಇಟ್ಟರು. ಸುಮಾರು ಒಂದೇ ವರ್ಷದಲ್ಲಿ, 1875ರಿಂದ ನಡೆದು ಬಂದಿದ್ದ ಮುಂಬೈ ಪೇಟೆಯ ವಹಿವಾಟನ್ನು ಅದು ಹಿಂದಿಕ್ಕಿತು.

ನ್ಯೂಜೆರ್ಸಿ ಕನ್ನಡಿಗ

ಅಮೆರಿಕದ ಅನುಭವವನ್ನು ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕಪರಿಶೋಧಕರ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಇಲ್ಲಿ ಇನ್‌ಸ್ಟಿನೆಟ್ ಎಂಬ ಜಾಲ ಹುಟ್ಟಿದ್ದು 1969ರಲ್ಲಿ, ನಾಸ್ಡಾಕ್ 1971ರಲ್ಲಿ. ಆದರೆ ನಾಸ್ಡಾಕ್‌ನ ಪರದೆ ಮೊದಲಿಗೆ ಡೀಲರ್‌ಗಳ ದರಗಳನ್ನು ತೋರಿಸುತ್ತಿತ್ತೇ ವಿನಾ ವ್ಯವಹಾರವನ್ನು ತಾನೇ ಜೋಡಿಸುತ್ತಿರಲಿಲ್ಲ. ಕೊಳ್ಳಲು ಫೋನ್ ಮಾಡಬೇಕಿತ್ತು. 1994ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ದರಗಳ ದಾಖಲೆ ಜಾಲಾಡಿದಾಗ, ಅನೇಕ ಪ್ರಮುಖ ಷೇರುಗಳಲ್ಲಿ ಡೀಲರ್‌ಗಳು ಡಾಲರಿನ ಎಂಟನೇ ಒಂದು, ಎಂಟನೇ ಮೂರು ಇಂಥ ಬೆಸ ಭಾಗಗಳ ದರವನ್ನೇ ಹೇಳದೆ, ಕೊಳ್ಳುವ ದರ ಮತ್ತು ಮಾರುವ ದರದ ಅಂತರವನ್ನು ಕಾಲು ಡಾಲರ್‌ಗಿಂತ ಕೆಳಗೆ ಇಳಿಯದಂತೆ ಕಾಯ್ದುಕೊಂಡಿರುವುದು ಕಂಡುಬಂತು. ಪರದೆ ಇದ್ದೂ ಹೀಗಾಗಿತ್ತು.

1997ರಲ್ಲಿ ನಿಯಂತ್ರಕರು ಹೊಸ ನಿಯಮ ತಂದು, ಗ್ರಾಹಕನ ಉತ್ತಮ ದರದ ಆರ್ಡರನ್ನು ಎಲ್ಲರಿಗೂ ಕಾಣುವಂತೆ ತೋರಿಸಲೇಬೇಕು ಎಂದ ಮೇಲೆ ಐಲ್ಯಾಂಡ್, ಆರ್ಕಿಪೆಲಾಗೊದಂಥ ಎಲೆಕ್ಟ್ರಾನಿಕ್ ಜಾಲಗಳು ಡೀಲರ್‌ಗಳ ಪಾಲನ್ನು ಕಸಿದುಕೊಂಡವು. 2001ರಲ್ಲಿ ದರಗಳು ಸೆಂಟ್‌ಗಳಿಗೆ ಬಂದವು. 2006ರ ಹೊತ್ತಿಗೆ ನ್ಯೂಯಾರ್ಕ್ ಷೇರುಪೇಟೆಯೇ ಆರ್ಕಿಪೆಲಾಗೊ ಜೊತೆ ಸೇರಿಕೊಂಡಿತು. ಅಂದರೆ ಇಲ್ಲಿ ಮೂರು ದಶಕ ಎಳೆದಾಡಿದ ಬದಲಾವಣೆಯನ್ನು ಭಾರತ ಒಂದೆರಡು ವರ್ಷಗಳಲ್ಲಿ ಮಾಡಿ ಮುಗಿಸಿತು, ಅದೂ ಡೀಲರ್‌ಗಳ ಮೆಟ್ಟಿಲನ್ನೇ ದಾಟಿ ನೇರವಾಗಿ ಎಲ್ಲರಿಗೂ ಒಂದೇ ಆರ್ಡರ್ ಪುಸ್ತಕಕ್ಕೆ. ಈ ವಿಷಯದಲ್ಲಿ ನಾವು ಹೆಮ್ಮೆಪಡಬೇಕು.

ಕರಾವಳಿ ಹೂಡಿಕೆದಾರ

ಹೆಮ್ಮೆಯ ಮಾತು ಸರಿ, ಆದರೆ ಬೆಲೆ ತೆತ್ತವರ ಬಗ್ಗೆ ಯಾರೂ ಬರೆಯುತ್ತಿಲ್ಲ. ಬ್ಯಾಂಕುಗಳ ತವರು ಎನಿಸಿಕೊಂಡ ನಮ್ಮ ಮಂಗಳೂರಿನಲ್ಲೂ ಒಂದು ಷೇರು ವಿನಿಮಯ ಕೇಂದ್ರವಿತ್ತು. 2004ರಲ್ಲಿ ಸೆಬಿ ಅದರ ಮಾನ್ಯತೆ ನವೀಕರಿಸಲಿಲ್ಲ. 1963ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರವೂ 2014ರಲ್ಲಿ ಮುಚ್ಚಿತು. ಜೆ.ಸಿ. ರಸ್ತೆಯ ಆ ಕಟ್ಟಡದಲ್ಲಿ ಸ್ಥಳೀಯ ಕಂಪನಿಗಳ ಲೆಕ್ಕಪತ್ರ ಓದಿ, ಆಡಳಿತ ಮಂಡಳಿಯವರನ್ನು ಮುಖತಃ ಬಲ್ಲ ಬ್ರೋಕರ್‌ಗಳಿದ್ದರು. ಸಣ್ಣ ಊರಿನ ಒಂದು ಹೆಂಚಿನ ಕಾರ್ಖಾನೆಗೋ ಗೋಡಂಬಿ ಕಂಪನಿಗೋ ಬಂಡವಾಳ ಸಿಗುವ ದಾರಿ ಅದಾಗಿತ್ತು. ಮುಂಬೈನ ಎರಡು ಪರದೆಗಳು ಇಡೀ ದೇಶದ ಪೇಟೆಯನ್ನು ನುಂಗಿದವು ಎಂದೇ ನಾನು ಹೇಳುವುದು.

ಲೆಕ್ಕಪರಿಶೋಧಕ

ಕರಾವಳಿಯವರೇ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಇತಿಹಾಸ ಅಷ್ಟು ಸರಳವಿಲ್ಲ. ಪ್ರಾದೇಶಿಕ ಕೇಂದ್ರಗಳು ಬಹುಮಟ್ಟಿಗೆ ಬದುಕಿದ್ದು ಕಂಪನಿಗಳು ತಮ್ಮ ಪ್ರದೇಶದ ಕೇಂದ್ರದಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು ಎಂಬ ನಿಯಮದ ಮೇಲೆ, ಅದರಿಂದ ಬರುವ ಶುಲ್ಕದ ಮೇಲೆ. ಆ ಕಡ್ಡಾಯ ತೆಗೆದ ಕೂಡಲೇ ಅವುಗಳ ಉಸಿರು ನಿಂತಿತು. ಬೆಂಗಳೂರು ಕೇಂದ್ರವೂ ತನ್ನದೇ ಗಣಕ ವ್ಯವಸ್ಥೆ ಹಾಕಿಕೊಂಡಿತ್ತು, ಯಂತ್ರವಿಲ್ಲದ್ದು ಅದರ ತೊಂದರೆಯಾಗಿರಲಿಲ್ಲ. ಕೊಳ್ಳುವವರು ಹೆಚ್ಚಿರುವ ಕಡೆಗೆ ಮಾರುವವರು ಹೋಗುತ್ತಾರೆ, ಮಾರುವವರು ಹೋದ ಕಡೆಗೆ ಉಳಿದ ಕೊಳ್ಳುವವರೂ ಹೋಗುತ್ತಾರೆ. ಹಲವು ಪ್ರಾದೇಶಿಕ ಕೇಂದ್ರಗಳು ಒಟ್ಟಾಗಿ ಇಂಟರ್‌ಕನೆಕ್ಟೆಡ್ ಸ್ಟಾಕ್ ಎಕ್ಸ್‌ಚೇಂಜ್ ಎಂಬ ಜಾಲ ಕಟ್ಟಿ ನೋಡಿದವು, ಅದೂ ಉಳಿಯಲಿಲ್ಲ.

ಇನ್ಫೊಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ನೀಡಿದಾಗ ಪೂರ್ತಿ ಬೇಡಿಕೆಯೇ ಬರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಬ್ರೋಕರ್‌ಗಳು ಕಂಪನಿಯನ್ನು ಹತ್ತಿರದಿಂದ ಬಲ್ಲ ಊರಿನ ಕಂಪನಿಯ ಕಥೆಯೇ ಅದು.

ಕರಾವಳಿ ಹೂಡಿಕೆದಾರ

ಒಂದು ಉದಾಹರಣೆಯಿಂದ ಐವತ್ತು ವರ್ಷದ ಸಂಸ್ಥೆಯನ್ನು ಅಳೆಯುವುದು ನ್ಯಾಯವಲ್ಲ ಸರ್. ಸಣ್ಣ ಕಂಪನಿಗಳಿಗಾಗಿ 2012ರಲ್ಲಿ ಮುಂಬೈನಲ್ಲೇ ಪ್ರತ್ಯೇಕ ಎಸ್‌ಎಂಇ ವೇದಿಕೆಗಳನ್ನು ತೆರೆಯಬೇಕಾಗಿ ಬಂದದ್ದೇಕೆ? ಆ ಅಗತ್ಯ ಇತ್ತು, ಅದನ್ನು ಪೂರೈಸುವವರು ಇಲ್ಲವಾಗಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಹಾಸನದವಳು

ಈ ಕಥೆಯಲ್ಲಿ ನಮ್ಮ ಊರಿಗೂ ಪಾಲಿದೆ. ತೊಂಬತ್ತರ ದಶಕದಲ್ಲಿ ದೂರವಾಣಿ ಲೈನ್‌ಗಳನ್ನು ನಂಬುವ ಸ್ಥಿತಿ ಇರಲಿಲ್ಲವಾದ್ದರಿಂದ ಎನ್‌ಎಸ್‌ಇ ಉಪಗ್ರಹದ ಮೂಲಕ, ಬ್ರೋಕರ್ ಕಚೇರಿಯ ತಾರಸಿಯ ಮೇಲೆ ವಿಸ್ಯಾಟ್ ತಟ್ಟೆ ನಿಲ್ಲಿಸಿ, ತನ್ನ ಜಾಲ ಹರಡಿತು. ಮುಂಬೈಗೂ ಮಡಿಕೇರಿಗೂ ಒಂದೇ ದರ ಒಂದೇ ಹೊತ್ತಿಗೆ ಕಾಣಿಸಿದ್ದು ಹಾಗೆ. ಆ ಇನ್ಸಾಟ್ ಉಪಗ್ರಹಗಳನ್ನು ಕಕ್ಷೆಯಲ್ಲಿ ನಿಯಂತ್ರಿಸುತ್ತಿದ್ದುದು ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರ. 1997ರ ಅಕ್ಟೋಬರ್‌ನಲ್ಲಿ ಇನ್ಸಾಟ್-2ಡಿ ವಿದ್ಯುತ್ ದೋಷದಿಂದ ಕೈಬಿಟ್ಟುಹೋದಾಗ ಎನ್‌ಎಸ್‌ಇಯ ವಹಿವಾಟಿಗೂ ಪೆಟ್ಟು ಬಿತ್ತು. ಷೇರುಪೇಟೆ ಎಂದರೆ ದಲಾಲ್ ಸ್ಟ್ರೀಟ್ ಎಂದಷ್ಟೇ ತಿಳಿದವರು ಇದನ್ನೂ ಗಮನಿಸಬೇಕು.

ತುಮಕೂರಿನ ಮೇಷ್ಟ್ರು

ಬಹಳ ಉಪಯುಕ್ತ ಮಾಹಿತಿ, ಮೇಡಂ. ನನ್ನ ಪ್ರಶ್ನೆಯ ಎರಡನೆಯ ಭಾಗಕ್ಕೆ ಇನ್ನೂ ಯಾರೂ ಕೈಹಾಕಿಲ್ಲ. ಒಳಗಿನವರ ಮೇಲುಗೈ ಹೋಯಿತೇ?

ಕೋಡ್ ಬರೆಯುವವ

ಹೋಗಿಲ್ಲ. ಬೆಂಗಳೂರಿನಲ್ಲಿ ಕುಳಿತು, ಯಂತ್ರವೇ ತಾನಾಗಿ ಆರ್ಡರ್ ಹಾಕುವ ಆಲ್ಗೊ ವಹಿವಾಟಿನ ತಂತ್ರಾಂಶ ಬರೆಯುವ ನನ್ನಂಥವರಿಗೆ ಇದು ದಿನನಿತ್ಯದ ಅನುಭವ.

ಮೇಲೆ ಹೇಳಿದ ನಿಯಮವನ್ನು ಮತ್ತೊಮ್ಮೆ ಓದಿ: ಒಂದೇ ದರವಿದ್ದರೆ ಮೊದಲು ಬಂದವರಿಗೆ ಆದ್ಯತೆ. ಎಲ್ಲ ಆರ್ಡರ್‌ಗಳನ್ನೂ ಮನುಷ್ಯರು ಬೆರಳಿನಿಂದ ಒತ್ತುತ್ತಿದ್ದಾಗ ಇದಕ್ಕಿಂತ ನ್ಯಾಯವಾದ ನಿಯಮವಿರಲಿಲ್ಲ. ಯಂತ್ರಗಳು ಆರ್ಡರ್ ಹಾಕತೊಡಗಿದ ಮೇಲೆ ‘ಮೊದಲು’ ಎನ್ನುವುದು ಮೈಕ್ರೊಸೆಕೆಂಡುಗಳ ಲೆಕ್ಕವಾಯಿತು. ಸೆಬಿ 2008ರಲ್ಲಿ ನೇರ ಮಾರುಕಟ್ಟೆ ಪ್ರವೇಶಕ್ಕೆ ಒಪ್ಪಿಗೆ ಕೊಟ್ಟಿತು. ಬಳಿಕ ಎನ್‌ಎಸ್‌ಇ ತನ್ನ ಆವರಣದಲ್ಲೇ ಸದಸ್ಯರ ಸರ್ವರ್‌ಗಳನ್ನು ಬಾಡಿಗೆಗೆ ಇಡುವ ಕೋ-ಲೊಕೇಶನ್ ಸೌಲಭ್ಯ ತೆರೆಯಿತು. ವಿನಿಮಯ ಕೇಂದ್ರದ ಯಂತ್ರಕ್ಕೂ ನಿಮ್ಮ ಯಂತ್ರಕ್ಕೂ ನಡುವಿನ ಕೇಬಲ್ ಉದ್ದವೇ ಈಗಿನ ದೂರ.

ಅದರಲ್ಲೂ ಆರಂಭದಲ್ಲಿ ಒಂದು ದೋಷವಿತ್ತು. ಪ್ರತಿ ಆರ್ಡರ್‌ನ ಬದಲಾವಣೆಯನ್ನು ತಿಳಿಸುವ ದತ್ತಾಂಶವನ್ನು ಸರ್ವರ್ ಎಲ್ಲರಿಗೂ ಏಕಕಾಲಕ್ಕೆ ಕಳುಹಿಸದೆ, ಸಂಪರ್ಕ ಪಡೆದವರಿಗೆ ಒಬ್ಬರಾದ ಮೇಲೊಬ್ಬರಿಗೆ ಸಾಲಾಗಿ ಕಳುಹಿಸುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲಾಗಿನ್ ಆದವನು ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದ, ಹೊರೆ ಕಡಿಮೆಯಿರುವ ಸರ್ವರ್ ಹಿಡಿದವನಿಗೆ ಇನ್ನೂ ಅನುಕೂಲ. ನಂತರ ಎಲ್ಲರಿಗೂ ಒಟ್ಟಿಗೆ ಪ್ರಸಾರವಾಗುವ ಮಲ್ಟಿಕಾಸ್ಟ್ ವಿಧಾನಕ್ಕೆ ಬದಲಾಯಿತು. ಈ ಲೋಪಕ್ಕಾಗಿ ಸೆಬಿ 2019ರ ಏಪ್ರಿಲ್‌ನಲ್ಲಿ ಎನ್‌ಎಸ್‌ಇ 624.89 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಒಪ್ಪಿಸಬೇಕೆಂದು ಆದೇಶಿಸಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಭಾಗವನ್ನು ತಳ್ಳಿಹಾಕಿ, ಕರ್ತವ್ಯಲೋಪಕ್ಕಾಗಿ 100 ಕೋಟಿ ಎಂದಿತು. ಕಾನೂನಿನ ತೀರ್ಮಾನ ಏನೇ ಇರಲಿ, ತಾಂತ್ರಿಕ ವಿನ್ಯಾಸದ ಒಂದು ಸಣ್ಣ ಆಯ್ಕೆ ಯಾರನ್ನು ಮುಂದೆ ನಿಲ್ಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ನಿವೃತ್ತ, ಮೈಸೂರು

ತಮ್ಮಾ, ಒಂದು ಮಾತು ಕೇಳುತ್ತೇನೆ. ನಾನು ಒಂದು ಬ್ಯಾಂಕಿನ ಐವತ್ತು ಷೇರು ಕೊಂಡು ಹತ್ತು ವರ್ಷ ಇಟ್ಟುಕೊಳ್ಳುವವನು. ಯಾರೋ ನನಗಿಂತ ಮೈಕ್ರೊಸೆಕೆಂಡು ಮುಂಚೆ ಕೊಂಡರೆ ನನಗೇನು ನಷ್ಟ?

ಕೋಡ್ ಬರೆಯುವವ

ಹೆಚ್ಚೆಂದರೆ ಒಂದು ಷೇರಿಗೆ ಐದೋ ಹತ್ತೋ ಪೈಸೆ, ಸರ್. ದೊಡ್ಡ ಷೇರುಗಳಲ್ಲಿ ಯಂತ್ರಗಳ ಪೈಪೋಟಿಯಿಂದ ಕೊಳ್ಳುವ ದರ ಮತ್ತು ಮಾರುವ ದರದ ಅಂತರ ಕೆಲವೇ ಪೈಸೆಗಳಿಗೆ ಇಳಿದಿರುವುದರಿಂದ, ದಾವಣಗೆರೆಯವರು ಹೇಳಿದ ಎಂಟು ರೂಪಾಯಿಯ ಎದುರಿಗೆ ನಿಮಗೆ ಲಾಭವೇ ಆಗಿದೆ. ಪೆಟ್ಟು ಬೀಳುವುದು ದಿನಕ್ಕೆ ಹತ್ತಾರು ಸಲ ಕೊಂಡು ಮಾರುವವರಿಗೆ, ಅದರಲ್ಲೂ ಆಪ್ಷನ್‌ಗಳಲ್ಲಿ. ಅವರಿಗೆ ತಾವು ಯಾರ ಎದುರು ಕುಳಿತಿದ್ದೇವೆ ಎಂಬುದೇ ಕಾಣುವುದಿಲ್ಲ.

ಲೆಕ್ಕಪರಿಶೋಧಕ

ಅದಕ್ಕೆ ಅಂಕಿಗಳೂ ಇವೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್‌ಅಂಡ್‌ಒ ವಹಿವಾಟು ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. 2023–24ರಲ್ಲಿ ವಿದೇಶಿ ಹೂಡಿಕೆದಾರರ ಲಾಭದಲ್ಲಿ ಶೇ 97, ಸ್ವಂತ ಖಾತೆಯಲ್ಲಿ ವಹಿವಾಟು ನಡೆಸುವ ಸಂಸ್ಥೆಗಳ ಲಾಭದಲ್ಲಿ ಶೇ 96 ಆಲ್ಗೊಗಳಿಂದಲೇ ಬಂದದ್ದು. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ಈ ಎರಡು ಸಾಲುಗಳನ್ನು ಒಟ್ಟಿಗೆ ತೋರಿಸಿ.

ನನ್ನ ಬಳಿ ರಿಟರ್ನ್ ಸಲ್ಲಿಸಲು ಬರುವ ಯುವಕರಲ್ಲಿ ಎಷ್ಟೋ ಜನರಿಗೆ ಪ್ರತಿ ವಹಿವಾಟಿಗೂ ಎಸ್‌ಟಿಟಿ (ಷೇರು ವಹಿವಾಟು ತೆರಿಗೆ), ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ, ಸ್ಟಾಂಪ್ ಶುಲ್ಕ ಕಡಿತವಾಗುತ್ತದೆ ಎಂಬುದೇ ಗೊತ್ತಿರುವುದಿಲ್ಲ. ದಲ್ಲಾಳಿ ಶುಲ್ಕ 20 ರೂಪಾಯಿಗೆ ಇಳಿದದ್ದು ಒಳ್ಳೆಯದೇ, ಆದರೆ ಅಗ್ಗವಾದದ್ದನ್ನು ಪದೇ ಪದೇ ಮಾಡುವವನ ಒಟ್ಟು ಖರ್ಚು ಏರುತ್ತದೆ.

ಗದಗಿನ ನೇಹಾ

ಇಲ್ಲಿ ಬರೆಯುತ್ತಿರುವ ಹಿರಿಯರೆಲ್ಲ ನಷ್ಟದ ಲೆಕ್ಕವನ್ನೇ ಹೇಳುತ್ತಿದ್ದೀರಿ, ನಾನು ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. ನಮ್ಮ ಊರಿನ ಬ್ರೋಕರ್ ಕಚೇರಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಟರ್ಮಿನಲ್ ಮುಂದೆ ಗಂಡಸರೇ ಕುಳಿತಿರುತ್ತಿದ್ದರು. ನನ್ನ ಅವ್ವ ಒಳಗೆ ಕಾಲಿಟ್ಟರೆ “ಏನು ಬೇಕಾಗಿತ್ರಿ, ಮನಿಯವರನ್ನ ಕಳಸ್ರಿ” ಎಂದು ಬಾಗಿಲಲ್ಲೇ ಮಾತು ಮುಗಿಸುತ್ತಿದ್ದರು. ನಾನು ಶಿಕ್ಷಕಿಯಾದ ಮೇಲೆ ಆಧಾರ್, ಪ್ಯಾನ್ ಇಟ್ಟುಕೊಂಡು ಮನೆಯಲ್ಲೇ ಕುಳಿತು ಖಾತೆ ತೆರೆದೆ. ತಿಂಗಳ ಸಂಬಳದಲ್ಲಿ ಒಂದಿಷ್ಟನ್ನು ಎನ್‌ಎಸ್‌ಇಯ ಪ್ರಮುಖ ಷೇರುಗಳ ಸೂಚ್ಯಂಕವಾದ ನಿಫ್ಟಿಯನ್ನು ಹಿಂಬಾಲಿಸುವ ಇಟಿಎಫ್ ನಿಧಿಗೆ ಹಾಕುತ್ತೇನೆ. ಅವ್ವನ ಹೆಸರಿನಲ್ಲೂ ಖಾತೆ ಇದೆ, ಅದರ ಪಾಸ್‌ವರ್ಡ್ ಅವ್ವನ ಹತ್ತಿರವೇ ಇದೆ. 2022ರ ಆಗಸ್ಟ್‌ನಲ್ಲಿ ದೇಶದ ಡಿಮ್ಯಾಟ್ ಖಾತೆಗಳು 10 ಕೋಟಿ ದಾಟಿದವು. ಆ ಸಂಖ್ಯೆಯೊಳಗೆ ನಮ್ಮಂಥವರೂ ಇದ್ದೇವೆ, ಎಲ್ಲರೂ ಆಪ್ಷನ್ ಆಡುವವರಲ್ಲ.

ಮಲ್ಲೇಶ್ವರದ ಓದುಗಿ

ನೇಹಾ, ನಿನ್ನ ಅವ್ವನಿಗೆ ನನ್ನ ನಮಸ್ಕಾರ ತಿಳಿಸು.

ಹುಬ್ಬಳ್ಳಿ ಟ್ರೇಡರ್

ಜಾಲ ಕೈಕೊಟ್ಟ ದಿನ ಏನಾಗುತ್ತದೆ ಎಂಬುದೂ ಚರ್ಚೆಯಾಗಬೇಕು. 2021ರ ಫೆಬ್ರುವರಿ 24ರಂದು ದೂರಸಂಪರ್ಕ ತೊಂದರೆಯಿಂದ ಎನ್‌ಎಸ್‌ಇ ಬೆಳಿಗ್ಗೆ 11.40ಕ್ಕೆ ನಿಂತಿತು. ಮಧ್ಯಾಹ್ನ 3.30ಕ್ಕೆ ಮಾರುಕಟ್ಟೆ ಮುಗಿಯುತ್ತದೆ, ಮತ್ತೆ ತೆರೆಯುವ ಸುಳಿವೇ ಇಲ್ಲ. ನನ್ನ ಬ್ರೋಕರ್ ಸಂಸ್ಥೆ ಅಪಾಯ ಬೇಡವೆಂದು ಅಂದೇ ಕೊಂಡು ಅಂದೇ ಮಾರಬೇಕಿದ್ದ ನನ್ನ ಇಂಟ್ರಾಡೇ ಷೇರುಗಳನ್ನು ಮುಂಬೈ ಷೇರುಪೇಟೆಯಲ್ಲಿ ಸಿಕ್ಕ ದರಕ್ಕೆ ಮಾರಿ ಲೆಕ್ಕ ಮುಗಿಸಿತು. ಆಮೇಲೆ 3.45ಕ್ಕೆ ತೆರೆದು ಸಂಜೆ 5ರವರೆಗೆ ವಹಿವಾಟು ನಡೆಯಿತು, ದರಗಳು ಏರಿದವು. ಆ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ. ರಿಂಗ್ ಕಾಲದಲ್ಲಿ ಮನುಷ್ಯರು ತಪ್ಪು ಮಾಡಿದರೆ ಒಬ್ಬಿಬ್ಬರಿಗೆ ಹಾನಿ, ಈಗ ಒಂದು ಕೇಬಲ್ ಕಡಿದರೆ ದೇಶಕ್ಕೇ ಹಾನಿ.

ಕೋಡ್ ಬರೆಯುವವ

ನಿಮ್ಮ ದೂರು ನ್ಯಾಯವಾದದ್ದು. ಆ ದಿನದ ನಿಜವಾದ ಲೋಪ ಜಾಲ ಕಡಿದದ್ದಕ್ಕಿಂತ, ಯಾವಾಗ ತೆರೆಯುತ್ತೇವೆಂದು ಸಕಾಲದಲ್ಲಿ ತಿಳಿಸದಿದ್ದದ್ದು. ಯಂತ್ರದ ವೇಗಕ್ಕೆ ತಪ್ಪಿನ ವೇಗವೂ ಸಮ ಎಂಬುದಕ್ಕೆ 2012ರ ಅಕ್ಟೋಬರ್ 5 ಕೂಡ ಇದೆ: ಒಂದು ಬ್ರೋಕರ್ ಕಚೇರಿಯಿಂದ ತಪ್ಪಾಗಿ ಹೊರಟ ಸುಮಾರು 650 ಕೋಟಿ ರೂಪಾಯಿಯ ಮಾರಾಟ ಆರ್ಡರ್‌ಗಳಿಂದ ನಿಫ್ಟಿ ಕ್ಷಣಮಾತ್ರದಲ್ಲಿ ಶೇ 15ಕ್ಕೂ ಹೆಚ್ಚು ಕುಸಿದು ವಹಿವಾಟು ನಿಂತಿತ್ತು.

ದಾವಣಗೆರೆ ಹಳಬ

ಒಂದು ವಿಷಯವನ್ನು ಸೇರಿಸಬೇಕು. ಹಿಂದೆ ಗಿರಾಕಿ ಆವೇಶದಲ್ಲಿ ಬಂದು ಇರುವುದನ್ನೆಲ್ಲ ಒಂದೇ ಕಂಪನಿಗೆ ಹಾಕುತ್ತೇನೆಂದರೆ, “ನಾಳೆ ಬನ್ನಿ ಸ್ವಾಮಿ, ಮನೆಯಲ್ಲಿ ಒಮ್ಮೆ ಕೇಳಿಕೊಂಡು ಬನ್ನಿ” ಎಂದು ತಡೆಯುವವರು ನಾವಿದ್ದೆವು. ಫೋನ್ ಹಾಗೆ ಹೇಳುವುದಿಲ್ಲ.

ಲೆಕ್ಕಪರಿಶೋಧಕ

ಅಣ್ಣಾ, ನಿಮ್ಮ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ. ಆದರೆ 1994–95ರ ಹೊಸ ಷೇರುಗಳ ಸುಗ್ಗಿಯಲ್ಲಿ ಹಣ ಎತ್ತಿಕೊಂಡು ಮಾಯವಾದ ಕಂಪನಿಗಳ ಅರ್ಜಿಗಳನ್ನು ಹಂಚಿದವರೂ ನಿಮ್ಮ ವೃತ್ತಿಯವರೇ. ಕಮಿಷನ್ ಮೇಲೆ ಬದುಕುವವರು ತಡೆಯುವುದಕ್ಕಿಂತ ತಳ್ಳಿದ್ದೇ ಹೆಚ್ಚು.

ದಾವಣಗೆರೆ ಹಳಬ

ಅಂಥವರು ಇದ್ದರು, ಅಲ್ಲಗಳೆಯುವುದಿಲ್ಲ. ಹಾಗೆಂದು ಈಗ ಟೆಲಿಗ್ರಾಂ ಗುಂಪುಗಳಲ್ಲಿ ಟಿಪ್ಸ್ ಹಂಚುವವರಿಗಿಂತ ಅವರು ಮೇಲು. ಅವರ ಅಂಗಡಿಯ ವಿಳಾಸವಾದರೂ ಗಿರಾಕಿಗೆ ಗೊತ್ತಿತ್ತು.

ತುಮಕೂರಿನ ಮೇಷ್ಟ್ರು

ಇನ್ನೊಂದು ಸಂದೇಹ. ಇತ್ಯರ್ಥದ ಅವಧಿ ಇಳಿದದ್ದರಿಂದ ಸಣ್ಣ ಹೂಡಿಕೆದಾರನಿಗೆ ಆದ ಪ್ರಯೋಜನವೇನು? ಹಾಗೆಯೇ, ಸಾಮಾನ್ಯರಿಗೂ ಆಲ್ಗೊ ಬಳಸಲು ಸೆಬಿ 2025ರಲ್ಲಿ ನಿಯಮ ಮಾಡಿದೆಯಲ್ಲ, ಅದರಿಂದ ಆ ಮೇಲುಗೈ ತಗ್ಗುತ್ತದೆಯೇ?

ಲೆಕ್ಕಪರಿಶೋಧಕ

ಇತ್ಯರ್ಥದ ಬಗ್ಗೆ ನಾನು ಹೇಳುತ್ತೇನೆ. ಹಿಂದೆ ವಾರದ ವಹಿವಾಟನ್ನೆಲ್ಲ ಒಟ್ಟುಮಾಡಿ ಇತ್ಯರ್ಥ ಮಾಡುತ್ತಿದ್ದರು, ಬದ್ಲಾ ಎಂಬ ಬಡ್ಡಿ ಕಟ್ಟಿ ಅದನ್ನೂ ಮುಂದಕ್ಕೆ ಹಾಕಬಹುದಿತ್ತು. ದೊಡ್ಡ ಆಟಗಾರರ ಸಾಲದ ಆಟಕ್ಕೆಲ್ಲ ಅದೇ ಆಸರೆ. 2001ರಲ್ಲಿ ಬದ್ಲಾ ನಿಂತು ಪ್ರಮುಖ ಷೇರುಗಳಿಗೆ ಟಿ+5 (ವಹಿವಾಟಾದ ಐದನೆಯ ಕೆಲಸದ ದಿನ ಇತ್ಯರ್ಥ) ಬಂತು, 2002ರಲ್ಲಿ ಟಿ+3, 2003ರಲ್ಲಿ ಟಿ+2, 2023ರ ಜನವರಿ ಕೊನೆಗೆ ಎಲ್ಲ ಷೇರುಗಳಿಗೂ ಟಿ+1. ಅಮೆರಿಕ ಟಿ+1ಕ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ, ನಮಗಿಂತ ತಡವಾಗಿ. ಇಂದು ಮಾರಿದವರಿಗೆ ಮಾರನೆಯ ಕೆಲಸದ ದಿನ ಹಣ ಸಿಗುತ್ತದೆ. ನಡುವೆ ಬ್ರೋಕರ್ ಮುಳುಗಿಹೋದರೆ ಸಿಕ್ಕಿಹಾಕಿಕೊಳ್ಳುವ ಮೊತ್ತ ಒಂದು ದಿನದ್ದಷ್ಟೇ.

ಕೋಡ್ ಬರೆಯುವವ

ಆಲ್ಗೊ ಪ್ರಶ್ನೆಗೆ ಉತ್ತರ: ತಗ್ಗುವುದಿಲ್ಲ, ಆದರೆ ನಿಯಮ ಬೇಕಿತ್ತು. ಬ್ರೋಕರ್ ಮೂಲಕ ಬರುವ ಪ್ರತಿ ಆಲ್ಗೊ ಆರ್ಡರ್‌ಗೂ ವಿನಿಮಯ ಕೇಂದ್ರ ಕೊಟ್ಟ ಗುರುತಿನ ಸಂಖ್ಯೆ ಇರಬೇಕು, ಆಲ್ಗೊ ಮಾರುವವರು ನೋಂದಣಿ ಮಾಡಿಕೊಳ್ಳಬೇಕು ಎಂಬುದು ಅದರ ಸಾರ. ತಿಂಗಳಿಗೆ ಇಷ್ಟು ಲಾಭ ಖಚಿತ ಎಂದು ಯೂಟ್ಯೂಬ್‌ನಲ್ಲಿ ತಂತ್ರಾಂಶ ಮಾರುವವರನ್ನು ಇನ್ನು ಹುಡುಕಿ ಹಿಡಿಯಬಹುದು. ಆದರೆ ನಿಮ್ಮ ಆರ್ಡರ್ ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಬ್ರೋಕರ್‌ನ ಸರ್ವರ್‌ಗೆ ಹೋಗಿ, ಅಲ್ಲಿ ತಪಾಸಣೆ ಮುಗಿಸಿ ಎನ್‌ಎಸ್‌ಇ ತಲುಪುವಷ್ಟರಲ್ಲಿ, ಅಲ್ಲೇ ಪಕ್ಕದ ರ‍್ಯಾಕ್‌ನಲ್ಲಿರುವ ಯಂತ್ರ ಸಾವಿರಾರು ಸಲ ತನ್ನ ದರ ಬದಲಿಸಿರುತ್ತದೆ. ಸಾಮಾನ್ಯರು ಆಲ್ಗೊ ಬಳಸಬೇಕಾದರೆ ತಿಂಗಳಿಗೊಮ್ಮೆ ನಿಗದಿತ ದಿನ ಕೊಳ್ಳುವಂಥ, ವೇಗ ಬೇಕಿಲ್ಲದ ಕೆಲಸಕ್ಕೆ ಬಳಸಲಿ. ಗದಗಿನ ಶಿಕ್ಷಕಿ ಕೈಯಿಂದ ಮಾಡುತ್ತಿರುವುದೂ ಅದನ್ನೇ.

ಹುಬ್ಬಳ್ಳಿ ಟ್ರೇಡರ್

ಹಾಗಾದರೆ ಪಕ್ಕದ ರ‍್ಯಾಕ್‌ನವರಿಗೂ ಕೆಲವು ಮಿಲಿಸೆಕೆಂಡು ಕಡ್ಡಾಯ ವಿಳಂಬ ಹಾಕಲಿ. ಅಮೆರಿಕದ ಐಇಎಕ್ಸ್ ವಿನಿಮಯ ಕೇಂದ್ರ ಉದ್ದದ ಕೇಬಲ್ ಸುರುಳಿ ಸುತ್ತಿ 350 ಮೈಕ್ರೊಸೆಕೆಂಡು ತಡ ಮಾಡುತ್ತದೆಯಲ್ಲ? ಸೆಬಿ 2016ರಲ್ಲಿ ಇಂಥ ಉಪಾಯಗಳ ಬಗ್ಗೆ ಚರ್ಚಾಪತ್ರ ಹೊರಡಿಸಿತ್ತು, ಅದನ್ನು ಮತ್ತೆ ಕೈಗೆತ್ತಿಕೊಳ್ಳಲಿ. ನ್ಯೂಜೆರ್ಸಿಯವರು ಅಲ್ಲಿನ ಅನುಭವ ಬರೆದರೆ ಉಪಕಾರವಾಗುತ್ತದೆ.